ಬಿಡಿ ಮೇಷ್ಟ್ರ ಭಾನುವಾರಗಳು

ಊರಿನವರು ಅವರಿಗೆ ಇಟ್ಟ ಹೆಸರು ಬಿಡಿ ಮೇಷ್ಟ್ರು. ಬೀಡಿಯಲ್ಲ, ಬಿಡಿ. ಹೊಗೆಯ ಗಂಧಗಾಳಿಯೂ ಇಲ್ಲದ ಮನುಷ್ಯ. ಮೂವತ್ತೊಂದು ವರ್ಷ ಡ್ರೈವಿಂಗ್ ಶಾಲೆಯ ಕಾರಿನಲ್ಲಿ, ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಬೆಳಗ್ಗೆ ಆರು ಗಂಟೆಯಿಂದಲೇ "ಕ್ಲಚ್ ಬಿಡಿ, ಬಿಡಿ, ನಿಧಾನಕ್ಕೆ ಬಿಡೀ..." ಎಂದು ರಾಗವಾಗಿ ಹೇಳಿ ಹೇಳಿ ಆ ಹೆಸರು ಅಂಟಿಕೊಂಡಿತ್ತು. ಊರಿನ ಅರ್ಧ ಜನಕ್ಕೆ ಗಾಡಿ ಕಲಿಸಿದವರು ಅವರೇ. ಹಲ್ಲಿನ ಡಾಕ್ಟರಮ್ಮ, ಬೇಕರಿಯವನು, ಅಂಚೆ ಕಚೇರಿಯ ಗುಮಾಸ್ತೆ, ಎಲ್ಲರೂ ಇವತ್ತಿಗೂ ಸಿಗ್ನಲ್ಲಿನಲ್ಲಿ ಮೊದಲ ಗೇರು ಹಾಕುವಾಗ ಮನಸ್ಸಿನಲ್ಲೇ ಒಮ್ಮೆ "ಬಿಡೀ..." ಅಂದುಕೊಳ್ಳುತ್ತಾರಂತೆ.

ಕಲಿಯದೆ ಉಳಿದ ಶಿಷ್ಯೆ ಒಬ್ಬಳೇ, ಅವರ ಹೆಂಡತಿ. ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿಯುವವಳು. ಮದುವೆಯಾದ ಹೊಸದರಲ್ಲಿ ಮೇಷ್ಟ್ರು ಅವಳನ್ನು ಸ್ಟಿಯರಿಂಗ್ ಮುಂದೆ ಕೂರಿಸಿದ್ದರು. ಎದುರಿಗೆ ಒಂದು ನಾಯಿ ಬಂದದ್ದೇ ತಡ, ಎರಡೂ ಕೈ ಸ್ಟಿಯರಿಂಗಿನಿಂದ ತೆಗೆದು ಮುಖ ಮುಚ್ಚಿಕೊಂಡು "ರೀ!" ಎಂದು ಕೂಗಿಬಿಟ್ಟಳು. ನಾಯಿಗೆ ಬುದ್ಧಿಯಿತ್ತು, ಪಕ್ಕಕ್ಕೆ ಸರಿಯಿತು. ಪಾಠ ಅಲ್ಲಿಗೆ ಮುಗಿಯಿತು. ಆದರೆ ಪಕ್ಕದ ಸೀಟಿನಲ್ಲಿ ಕೂತರೆ ಅವಳ ಬಾಯಿಗೆ ಬ್ರೇಕಿಲ್ಲ. ಆ ಮನೆಗೆ ಬಣ್ಣ ಹೊಡೆಸಿದ್ದಾರೆ ನೋಡಿ, ಆ ಲಾರಿಯವನು ಹಗ್ಗವನ್ನೇ ಸರಿಯಾಗಿ ಕಟ್ಟಿಲ್ಲ ನೋಡಿ, ಈ ಅಂಗಡಿ ಹೋದ ಸಲ ಇರಲಿಲ್ಲ ಅಲ್ವಾ. ಮೇಷ್ಟ್ರು ಅವಳಿಗೆ ರೇಡಿಯೋ ಎಂದು ಹೆಸರಿಟ್ಟಿದ್ದರು. "ಸ್ವಲ್ಪ ಹೊತ್ತು ರೇಡಿಯೋ ಆಫ್ ಮಾಡ್ತೀಯಾ, ತಾಯಿ?" ಎಂದು ಕೈ ಮುಗಿಯುತ್ತಿದ್ದರು. ಇಪ್ಪತ್ತಾರು ವರ್ಷ ಇದೇ ನಡೆದಿತ್ತು.

ಹಾಗಿದ್ದವರು ಒಂದು ದಿನ ತಾವಾಗಿಯೇ "ರೇಡಿಯೋ ಹಾಕೇ" ಎಂದರು. ಆವತ್ತು ಅವಳಿಗೆ ಅದು ಪ್ರೀತಿಯ ಮಾತಾಗಿ ಕೇಳಿಸಿತು. ಖುಷಿಯಿಂದ ಊರಿನ ತನಕ ಮಾತಾಡಿದಳು. ನಿಜ ತಿಳಿದದ್ದು ಆಮೇಲೆ. ಅವರಿಗೆ ಬೇಕಾಗಿದ್ದದ್ದು ಅವಳ ಮಾತಲ್ಲ, ಅವಳ ಕಣ್ಣು.

ಕಣ್ಣಿನ ಡಾಕ್ಟರು ವಿಷಯ ಹೇಳಿದಾಗ ಅವಳೂ ಜೊತೆಗಿದ್ದಳು. ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಂಡು ಬರುತ್ತಿದೆ, ಈಗ ಕೊಳವೆಯೊಳಗಿಂದ ನೋಡುವಷ್ಟು ಉಳಿದಿದೆ, ಇನ್ನೊಂದು ವರ್ಷಕ್ಕೆ ಅದೂ ಹೋಗುತ್ತದೆ, ಮದ್ದಿಲ್ಲ ಎಂದರು. ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ, "ಗಾಡಿ?" ಡಾಕ್ಟರು ಚೀಟಿ ಬರೆಯುತ್ತಾ ತಲೆಯೆತ್ತದೆ, "ಇವತ್ತಿಂದ ಮುಟ್ಬೇಡಿ" ಎಂದರು. ಮೇಷ್ಟ್ರು ಥ್ಯಾಂಕ್ಸ್ ಹೇಳಿ, ಗೋಡೆಗೆ ಕೈ ತಾಗಿಸಿಕೊಂಡೇ ಮೆಟ್ಟಿಲಿಳಿದು, ಡ್ರೈವಿಂಗ್ ಶಾಲೆಯ ಕಾರಿನ ಬಾಗಿಲು ತೆಗೆದು ಸ್ಟಿಯರಿಂಗ್ ಮುಂದೆ ಕೂತರು.

"ಮುಟ್ಬೇಡಿ ಅಂದ್ರಲ್ರೀ."

"ಕೇಳಿಸ್ತು. ಕಿವಿಗೇನೂ ಆಗಿಲ್ವಲ್ಲ. ಹತ್ತು."

ಅವಳು ಹತ್ತಿದಳು. ಆ ದಿನ ಹತ್ತಬಾರದಿತ್ತು. ರಸ್ತೆಯ ನಡುವೆ ನಿಂತು ಅತ್ತು ಕರೆದು ರಂಪ ಮಾಡಬೇಕಿತ್ತು. ನಾಲ್ಕು ಜನ ಸೇರಿದ್ದರೆ ಮರ್ಯಾದೆ ಹೋಗುತ್ತಿತ್ತು, ಹೋಗಲಿ, ಹೋದ ಮರ್ಯಾದೆ ಎರಡು ದಿನಕ್ಕೆ ವಾಪಸ್ ಬರುತ್ತದೆ. ಅವಳು ಹತ್ತಿ ಕೂತು ಬಾಗಿಲು ಹಾಕಿಕೊಂಡಳು.

ಮೇಷ್ಟ್ರು ಕಲಿಸುವುದನ್ನು ಮಾತ್ರ ಮಾರನೇ ದಿನವೇ ಬಿಟ್ಟರು. ಬೆನ್ನುನೋವು ಎಂದರು, ಎಲ್ಲರೂ ನಂಬಿದರು. ಶಾಲೆಯ ಯಜಮಾನರು ಇಷ್ಟು ವರ್ಷದ ದುಡಿಮೆಯ ನೆನಪಿಗೆ ಆ ಹಳೆಯ ಕಾರನ್ನೇ ಅವರಿಗೆ ಬಿಟ್ಟುಕೊಟ್ಟರು. ಅದು ಎರಡು ಬ್ರೇಕಿನ ಕಾರು. ಓಡಿಸುವವರ ಕಾಲಡಿ ಒಂದು, ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲಡಿ ಇನ್ನೊಂದು. ಕಲಿಯುವವರು ತಪ್ಪಿದರೆ ಮೇಷ್ಟ್ರು ಒತ್ತಿ ನಿಲ್ಲಿಸಲಿ ಎಂದು. ಈಗ ಮೇಷ್ಟ್ರು ಸ್ಟಿಯರಿಂಗಿನ ಕಡೆ ಹೋದ ಮೇಲೆ ಆ ಎರಡನೇ ಬ್ರೇಕು ಹೆಂಡತಿಯ ಪಾಲಿಗೆ ಬಂತು.

"ಪೂರ್ತಿ ಕತ್ತಲಾಗೋ ಮುಂಚೆ ಎಲ್ಲಾ ಒಂದ್ಸಲ ನೋಡ್ಬಿಡ್ತೀನಿ ಕಣೇ" ಎಂದರು ಮೇಷ್ಟ್ರು, ಬನಿಯನ್ನಿನಲ್ಲಿ ಮಂಚದ ತುದಿಗೆ ಕೂತು. "ನಿನ್ನ ತವರು, ನನ್ನ ತಂಗಿ ಮನೆ, ಆಮೇಲೆ ಸಮುದ್ರ. ಮೂರೇ. ಹೊಸ ಜಾಗ ಒಂದೂ ಬೇಡ. ಈ ಮೂರು ದಾರಿ ನಂಗೆ ಬಾಯಿಪಾಠ. ಎಲ್ಲಿ ಗುಂಡಿ, ಎಲ್ಲಿ ತಿರುವು, ಎಲ್ಲಿ ಬೋರ್ಡು, ನಿದ್ದೆಗಣ್ಣಲ್ಲೂ ಹೇಳ್ತೀನಿ."

"ಬಸ್ಸಲ್ಲಿ ಹೋಗೋಣ."

"ಬಸ್ಸಲ್ಲಿ ಕಿಟಕಿ ಪಕ್ಕ ಕೂತ್ರೆ ನಂಗೇನು ಕಾಣುತ್ತೆ? ಪಕ್ಕದ್ದೆಲ್ಲ ಹೋಯ್ತಲ್ಲ. ಎದುರಿಗಿರೋದಷ್ಟೇ ಕಾಣೋದು. ಎದುರಿಗೆ ಕೂರೋ ಸೀಟು ಬಸ್ಸಲ್ಲಿ ಒಂದೇ ಇರೋದು. ಅಲ್ಲಿ ಡ್ರೈವರು ಕೂತಿರ್ತಾನೆ."

ಆ ವಾದಕ್ಕೆ ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಆ ವಾರ ಕೀಲಿ ಕೈಯನ್ನು ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಗುಂಡಿಗಳ ಡಬ್ಬಿಯೊಳಗೆ ಬಚ್ಚಿಟ್ಟಳು. ಮೇಷ್ಟ್ರು ಕೂಗಾಡಲಿಲ್ಲ, ಹುಡುಕಲೂ ಇಲ್ಲ. ಮೂರು ದಿನ ಗೋಡೆಗೆ ಮುಖ ಮಾಡಿ ಮಲಗಿದರು. ಕರೆದರೆ "ಹೂಂ" ಎನ್ನುವರು, ತಟ್ಟೆ ಇಟ್ಟರೆ ಎರಡು ತುತ್ತು ತಿನ್ನುವರು. ಆ ಬೆನ್ನನ್ನು ನೋಡುತ್ತಾ ಪುಟ್ಟ ಪುಟ್ಟ ಅಂಗಿಗಳಿಗೆ ಕಾಲರು ಹಚ್ಚುವುದು ಅವಳಿಂದಾಗಲಿಲ್ಲ. ನಾಲ್ಕನೇ ದಿನ ತಾನೇ ಡಬ್ಬಿ ತೆಗೆದು, ಗುಂಡಿಗಳ ಜೊತೆಗೇ ಕೀಲಿಯನ್ನು ಮಂಚದ ಮೇಲೆ ಸುರಿದಳು.

"ನಾನು ಹೇಳ್ದಂಗೆ ಕೇಳ್ಬೇಕು ಮತ್ತೆ" ಎಂದಳು.

ಒಪ್ಪಂದ ಹೀಗಾಯಿತು. ಭಾನುವಾರ ಮಾತ್ರ. ಬೆಳಕು ಹರಿದ ಮೇಲೆ ಹೊರಟು ಬೆಳಕಿದ್ದಂತೆಯೇ ವಾಪಸ್. ನಲವತ್ತರ ಮೇಲೆ ಸ್ಪೀಡಿನ ಮುಳ್ಳು ಏರಕೂಡದು. ದಾರಿಯುದ್ದಕ್ಕೂ ಅವಳು ರೇಡಿಯೋ. ಅವಳು "ನಿಲ್ಲಿ" ಅಂದರೆ ಯಾಕೆ ಏನು ಕೇಳದೆ ನಿಲ್ಲಬೇಕು. ಕೂಡುರಸ್ತೆಗಳಲ್ಲಿ ಗಾಡಿ ನಿಲ್ಲಿಸಿ ಕ್ಲಚ್ ಒತ್ತಿಹಿಡಿದು ಕಾಯಬೇಕು. ಅವಳು ಎರಡೂ ಕಡೆ ನೋಡಿ "ಬಿಡಿ" ಅಂದಮೇಲೆ ಬಿಡಬೇಕು. ಊರಿಗೆಲ್ಲ ಬಿಡಿ ಬಿಡಿ ಎಂದವರಿಗೆ ಈಗ ಹೆಂಡತಿ ಬಿಡಿ ಎನ್ನಬೇಕಾಯಿತಲ್ಲ ಎಂದು ಇಬ್ಬರೂ ನಕ್ಕರು. ನಕ್ಕದ್ದು ಅದೇ ಕೊನೆ ಎನ್ನಬೇಕು.

ಮೊದಲ ಭಾನುವಾರ ಅವಳ ತವರಿಗೆ. ಒಂದು ಗಂಟೆಯ ದಾರಿಗೆ ಎರಡು ಗಂಟೆ ಹಿಡಿಯಿತು. ಅವಳ ಕಾಲು ಬ್ರೇಕಿನ ಮೇಲೆ ತೇಲಿಕೊಂಡೇ ಇದ್ದು, ಇಳಿದಾಗ ಮೀನಖಂಡ ಕಲ್ಲಾಗಿತ್ತು. ಅಣ್ಣನ ಮನೆಯಲ್ಲಿ ಮೇಷ್ಟ್ರು ಹಜಾರದ ನಡುವಿದ್ದ ಮೊಣಕಾಲೆತ್ತರದ ಸ್ಟೂಲಿಗೆ ಎಡವಿ, ಅದರ ಮೇಲಿದ್ದ ನೀರಿನ ಜಗ್ಗನ್ನು ಉರುಳಿಸಿದರು. ಅತ್ತಿಗೆ "ಅಯ್ಯೋ, ಕಣ್ಣಿಗೆ ಬೀಳ್ಲಿಲ್ವಾ?" ಎಂದು ನಗುತ್ತಾ ಬಟ್ಟೆ ತಂದಳು. "ಇವರದ್ದು ಯಾವಾಗ್ಲೂ ಅವಸರ" ಎಂದು ಇವಳು ತೇಲಿಸಿಬಿಟ್ಟಳು. ಮೇಷ್ಟ್ರು ಅತ್ತಿಗೆಯ ಮುಖವನ್ನು, ಅಣ್ಣನ ಮುಖವನ್ನು, ಗೋಡೆಯ ಮೇಲಿದ್ದ ಅತ್ತೆಯ ಫೋಟೋವನ್ನು ಒಂದೊಂದಾಗಿ ಬಹಳ ಹೊತ್ತು ನೋಡಿದರು. ಅಣ್ಣ ಆಮೇಲೆ ಅಡುಗೆಮನೆಯಲ್ಲಿ ದನಿ ತಗ್ಗಿಸಿ, "ಭಾವ ಯಾಕೋ ನನ್ನ ದುರುಗುಟ್ಕೊಂಡು ನೋಡ್ತಿದಾರೆ. ನನ್ನಿಂದ ಏನಾದ್ರೂ ತಪ್ಪಾಯ್ತಾ?" ಎಂದು ಕೇಳಿದ. ಹೇಳಿಬಿಟ್ಟಿದ್ದರೆ ಅಣ್ಣ ಅಲ್ಲೇ ಕೀಲಿ ಕಿತ್ತಿಟ್ಟುಕೊಳ್ಳುತ್ತಿದ್ದ. ಅವಳು ಹೇಳಲಿಲ್ಲ.

ಎರಡನೇ ಭಾನುವಾರ ಮೇಷ್ಟ್ರ ತಂಗಿಯ ಮನೆ. ಅಲ್ಲಿ ಎಲ್ಲ ಸಲೀಸಾಗಿತ್ತು, ಹಾಗೆ ಸಲೀಸಾದದ್ದೇ ಅವಳಿಗೆ ಹೆದರಿಕೆ ಹುಟ್ಟಿಸಿತು. ಮೇಷ್ಟ್ರಿಗೆ ಧೈರ್ಯ ಬಂದಿತ್ತು. ಬರುವಾಗ ಮುಳ್ಳು ಐವತ್ತಕ್ಕೆ ಹೋಯಿತು. "ನೋಡಿದ್ಯಾ, ನಾವಿಬ್ರೂ ಸೇರಿದ್ರೆ ಒಬ್ಬ ಒಳ್ಳೇ ಡ್ರೈವರು" ಎಂದು ಬೀಗಿದರು. ಅದಾದ ಮೇಲೆ ಮೂರು ಮೂರೇ ಆಗಿ ಉಳಿಯಲಿಲ್ಲ. ಮತ್ತೆ ತವರು, ಮತ್ತೆ ತಂಗಿ ಮನೆ. ಎಂಟು ತಿಂಗಳು ಹೀಗೇ ಭಾನುವಾರಗಳು ಉರುಳಿದವು. ಇವರಿಗೆ ಇದ್ದಕ್ಕಿದ್ದಂತೆ ನೆಂಟರ ಮೇಲೆ ಎಲ್ಲಿಲ್ಲದ ಅಕ್ಕರೆ ಹುಟ್ಟಿತಲ್ಲ ಎಂದು ಎರಡೂ ಕಡೆಯವರು ಆಶ್ಚರ್ಯಪಟ್ಟರು. ಶನಿವಾರ ಬಂತೆಂದರೆ ಅವಳ ಹೊಲಿಗೆ ಸೊಟ್ಟಗೆ ಓಡುತ್ತಿತ್ತು, ಒಂದು ಸಲ ಒಂದೇ ಅಂಗಿಗೆ ಎರಡು ಬಲತೋಳು ಹಚ್ಚಿಟ್ಟಳು. ದಾರಿಯಲ್ಲಿ ಎದುರು ಬರುವ ಪ್ರತಿಯೊಬ್ಬರನ್ನೂ, ಸೈಕಲ್ಲಿನವರು, ನಡೆಯುವವರು, ಕೈಗಾಡಿಯವರು, ಎಲ್ಲರನ್ನೂ ನೋಡಿ ಅವಳಿಗೆ ಓಡಿಹೋಗಿ ಎಂದು ಕೂಗಬೇಕೆನಿಸುತ್ತಿತ್ತು. ಕೂಗುವ ಬದಲು, "ನೋಡ್ರೀ, ಎಡಗಡೆ ಒಬ್ಬ ತಾತ, ಕೊಡೆ ಎಷ್ಟು ದೊಡ್ಡದು" ಎನ್ನುತ್ತಿದ್ದಳು.

ಸಮುದ್ರವನ್ನು ಮೇಷ್ಟ್ರು ಕಡೆಗೆ ಉಳಿಸಿಕೊಂಡಿದ್ದರು. ಮದುವೆಯಾದ ತಿಂಗಳಲ್ಲಿ ಹೋಗಿದ್ದ ದಡ, ಆಮೇಲೂ ಹತ್ತಾರು ಸಲ ಹೋದದ್ದು. ಬೆಳಗ್ಗೆ ಹತ್ತಕ್ಕೆ ತಲುಪಿದರು. ಅದೇ ಚಹಾದ ಶೆಡ್ಡು, ಅದೇ ಮುರಿದ ಬೆಂಚು, ಬಿಸಿಲಿಗೆ ಬಣ್ಣ ಬಿಟ್ಟ ಅದೇ ಮರದ ದೋಣಿಗಳು. ಮೇಷ್ಟ್ರು ಚಪ್ಪಲಿ ಕಳಚಿ, ಅವಳ ಭುಜ ಹಿಡಿದು ಒದ್ದೆ ಮರಳಿನವರೆಗೆ ನಡೆದು ನಿಂತರು. ಆಮೇಲೆ ತಲೆಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನಿಧಾನವಾಗಿ ತಿರುಗಿಸತೊಡಗಿದರು, ಟೇಬಲ್ ಫ್ಯಾನಿನ ಹಾಗೆ. ಏನು ಮಾಡುತ್ತಿದ್ದಾರೆ ಎಂದು ಅವಳಿಗೆ ತಡವಾಗಿ ಹೊಳೆಯಿತು. ಸಮುದ್ರವನ್ನು ತುಂಡು ತುಂಡಾಗಿ ನೋಡಿ ಜೋಡಿಸಿಕೊಳ್ಳುತ್ತಿದ್ದರು.

"ಚಿಕ್ಕದಾಗ್ಬಿಟ್ಟಿದೆ ಕಣೇ" ಎಂದರು ಕೊನೆಗೆ. "ಹೋದ ತಿಂಗಳು ನಿನ್ನ ಪೂರ್ತಿ ಮುಖ ಕಾಣ್ತಿತ್ತು. ಈಗ ಕಣ್ಣು ನೋಡಿದ್ರೆ ಬಾಯಿ ಕಾಣಲ್ಲ, ಬಾಯಿ ನೋಡಿದ್ರೆ ಕಣ್ಣು ಕಾಣಲ್ಲ."

ಹಾಗಾದರೆ ಈ ದಿನ ಇಷ್ಟು ದೂರ ಗಾಡಿ ಓಡಿಸಿಕೊಂಡು ಬಂದವರು ಯಾರು? ಅಲೆ ಬಂದು ಪಾದದಡಿಯ ಮರಳು ಜಾರುವಾಗ ಅವಳು ಒಂದು ತೀರ್ಮಾನಕ್ಕೆ ಬಂದಳು. ಇದೇ ಕೊನೆ. ಇಲ್ಲಿಂದ ಮನೆಗೆ ಹೋಗುವುದಷ್ಟೇ. ಅದೊಂದು ಸಲ ದಾಟಿಸಿಬಿಟ್ಟರೆ ಕೀಲಿಯನ್ನು ಬಾವಿಗೆ ಎಸೆಯುತ್ತೇನೆ, ಅವರು ಮೂರು ದಿನವಲ್ಲ, ಮೂರು ವರ್ಷ ಗೋಡೆಗೆ ಮುಖ ಮಾಡಿ ಮಲಗಲಿ. ಬುದ್ಧಿವಂತರಾದವರು ಅಲ್ಲೇ ಎಸೆಯುತ್ತಿದ್ದರು, ಎದುರಿಗೇ ಸಮುದ್ರವಿತ್ತು. ಅವಳು ಮನೆಗೆ ಹೋದ ಮೇಲೆ ಎಂದುಕೊಂಡಳು.

ಊಟದ ಹೊತ್ತಿಗೆ ಮುಂಚೆಯೇ ಹೊರಟರು. ದಡದ ಮಣ್ಣುರಸ್ತೆ ಅರ್ಧ ಮೈಲಿ ಓಡಿ ದೊಡ್ಡ ರಸ್ತೆಗೆ ಸೇರುತ್ತದೆ. ಆ ಅರ್ಧ ಮೈಲಿಯಲ್ಲೇ ಅವಳು ಮಾತು ತೆಗೆದಳು. ಮನೆಗೆ ಹೋದ ಮೇಲೆ ತೆಗೆಯಬಹುದಿತ್ತು.

"ಇನ್ಮೇಲೆ ಬೇಡ್ರೀ. ಇದೇ ಕೊನೆ."

"ಮುಂದಿನ ಭಾನುವಾರ ತಂಗಿ ಬರ್ಹೇಳಿದಾಳೆ."

"ಫೋನ್ ಮಾಡಿ ಆಗಲ್ಲ ಅಂತೀನಿ."

"ಒಂದೇ ಒಂದ್ಸಲ. ಆಮೇಲೆ ನೀನು ಹೇಳ್ದಂಗೆ."

"ಎಂಟು ತಿಂಗಳಿಂದ ಅದೇ ಒಂದ್ಸಲ! ನನ್ನ ಮುಖಾನೇ ಪೂರ್ತಿ ಕಾಣಲ್ಲ ಅಂತ ಈಗ ತಾನೇ ಅಂದ್ರಿ. ಯಾರ್ ಮೇಲಾದ್ರೂ ಹರಿಸಿದ್ರೆ ಏನ್ರೀ ಗತಿ?"

"ನೀನಿದೀಯಲ್ಲ."

"ನಾನಿದೀನಿ, ನಾನಿದೀನಿ! ನಂಗೆ ಸಾಕಾಗಿದೆ. ರಾತ್ರಿ ನಿದ್ದೆ ಬರಲ್ಲ. ಕಣ್ಣು ಮುಚ್ಚಿದ್ರೆ ಯಾರೋ ಚಕ್ರದಡಿ ಬಿದ್ದಂಗೆ ಕಾಣುತ್ತೆ."

"ನಿಂಗೆ ಕಣ್ಣು ಮುಚ್ಚಿದ್ರೂ ಕಾಣುತ್ತೆ" ಎಂದರು ಮೇಷ್ಟ್ರು. ದನಿಯಲ್ಲಿ ಕಹಿ ಇತ್ತು. "ನಂಗೆ ತೆಗೆದ್ರೂ ಕಾಣಲ್ಲ. ಸ್ಟಿಯರಿಂಗನ್ನೂ ಕಿತ್ಕೊಂಡ್ಬಿಡು. ಮಿಷನ್ ಪಕ್ಕ ಒಂದು ಕುರ್ಚಿ ಹಾಕು. ಗುಂಡಿ ಎಣಿಸ್ಕೊಂಡು ಕೂತಿರ್ತೀನಿ."

ಅಷ್ಟರಲ್ಲಿ ದೊಡ್ಡ ರಸ್ತೆ ಬಂದಿತ್ತು. ಮೇಷ್ಟ್ರು ಒಪ್ಪಂದದಂತೆ ಗಾಡಿ ನಿಲ್ಲಿಸಿ, ಗೇರು ಹಾಕಿ, ಕ್ಲಚ್ ಒತ್ತಿಹಿಡಿದು ಕಾದರು. ಅವಳು ಎರಡೂ ಕಾಲನ್ನು ಸೀಟಿನ ಮೇಲೆ ಮಡಿಸಿಕೊಂಡು ಬೆರಳ ಸಂದಿಯ ಮರಳನ್ನು ಉಜ್ಜಿ ಉಜ್ಜಿ ತೆಗೆಯುತ್ತಿದ್ದಳು. ಅಳು ಬಂದಾಗ ಕೈಗೆ ಏನಾದರೂ ಕೆಲಸ ಬೇಕು ಅವಳಿಗೆ. ರಸ್ತೆಯನ್ನು ನೋಡಿರಲಿಲ್ಲ. ಗುಂಡಿ ಎಣಿಸುವ ಮಾತು ಎದೆಗೆ ನಾಟಿ ಕೂತಿತ್ತು. ಇವರ ಹತ್ತಿರ ಇನ್ನು ವಾದ ಮಾಡಿ ಪ್ರಯೋಜನವಿಲ್ಲ ಎನಿಸಿ, ಎಲ್ಲ ಗಂಡ ಹೆಂಡಿರೂ ದಿನಕ್ಕೆ ನಾಲ್ಕು ಸಲ ಆಡುವ ಮಾತನ್ನೇ ಸುಸ್ತಾದ ದನಿಯಲ್ಲಿ ಆಡಿದಳು.

"ಹೋಗ್ಲಿ, ಬಿಡಿ."

ಮೇಷ್ಟ್ರು ಬಿಟ್ಟರು.

ಕಾರು ಮುಂದಕ್ಕೆ ಚಿಮ್ಮಿತು. ಅವಳಿಗೆ ತಾನು ಆಡಿದ್ದು ಏನು ಎಂದು ಅರ್ಥವಾಗುವಷ್ಟರಲ್ಲಿ ಬಲಗಡೆಯಿಂದ ಒಂದು ಮೊಪೆಡ್ಡು, ಅದರ ಹಿಂದೆ ಕಟ್ಟಿದ ನೀಲಿ ಕ್ರೇಟು, ಒಬ್ಬ ಹೆಂಗಸಿನ ತೆರೆದ ಬಾಯಿ, ಎಲ್ಲ ಒಟ್ಟಿಗೆ ಕಂಡವು. "ನಿಲ್ಲಿ!" ಎಂದು ಕಿರುಚಿ ಮಡಿಸಿದ ಕಾಲನ್ನು ಕೆಳಗೆ ಎಸೆದಳು. ಪಾದಕ್ಕೆ ಮೊದಲು ಚಪ್ಪಲಿ ಸಿಕ್ಕಿತು, ಆಮೇಲೆ ಬ್ರೇಕು. ಕಾರು ಮುಗ್ಗರಿಸಿ ನಿಂತಿತು. ನಿಲ್ಲುವ ಮುಂಚೆ ಬಂಪರು ಮೊಪೆಡ್ಡಿನ ಹಿಂಚಕ್ರವನ್ನು ಮುಟ್ಟಿ ಆಗಿತ್ತು. ಗಾಡಿ ಒಂದು ಕಡೆ, ಹೆಂಗಸು ಒಂದು ಕಡೆ, ಕ್ರೇಟಿನ ಮೀನುಗಳೆಲ್ಲ ರಸ್ತೆಯ ತುಂಬ ಚೆಲ್ಲಿ ಹೊಳೆದವು.

ಸತ್ತೇಹೋದಳು ಎಂದುಕೊಂಡಳು ಇವಳು. ಸತ್ತವಳು ಎದ್ದು ಕೂತಳು. ಮೊಣಕೈ ತರಚಿ ರಕ್ತ ಜಿನುಗುತ್ತಿತ್ತು. ಕೈಕಾಲು ಆಡಿಸಿ ನೋಡಿಕೊಂಡು, ಎಲ್ಲ ನೆಟ್ಟಗಿದೆ ಎಂದು ಖಾತ್ರಿಯಾದ ಮೇಲೆ ಬಾಯಿ ತೆಗೆದಳು.

"ಏನ್ರೀ, ಕಣ್ಣು ಕಾಣಲ್ವೇನ್ರೀ ನಿಮ್ಗೆ?"

ರಸ್ತೆಯ ಮೇಲೆ ದಿನಕ್ಕೆ ಸಾವಿರ ಸಲ ಕೇಳುವ ಪ್ರಶ್ನೆ. ಮೇಷ್ಟ್ರೇ ಎಷ್ಟು ಜನಕ್ಕೆ ಕೇಳಿದ್ದರೋ. ಇವತ್ತು ಅವರು ಬಾಗಿಲು ತೆರೆದು ಇಳಿದು, ದನಿ ಬಂದ ಕಡೆಗೆ ಮುಖ ಮಾಡಿ ನಿಂತರು.

"ಇಲ್ಲಮ್ಮ" ಎಂದರು. "ಕಾಣಲ್ಲ."

"ನನ್ ಹತ್ರಾನೇ ತಮಾಷೆನಾ? ಬೀಳ್ಸೋದೂ ಬೀಳ್ಸಿ, ಮಾತು ಬೇರೆ!"

ಮೇಷ್ಟ್ರು ಕುಕ್ಕರಗಾಲಲ್ಲಿ ಕೂತು ಮೀನು ಆಯಲು ಕೈ ಚಾಚಿದರು. ಮೀನು ಅವರ ಎಡ ಮೊಣಕಾಲಿನ ಪಕ್ಕದಲ್ಲೇ ಬಿದ್ದಿತ್ತು. ಅವರ ಕೈ ಬರೀ ಡಾಂಬರನ್ನು ತಟ್ಟಿತು, ಇನ್ನೊಂದು ಕಡೆ ತಟ್ಟಿತು, ಒಂದು ಕಲ್ಲನ್ನು ಎತ್ತಿಕೊಂಡು ಬೆರಳಿಂದ ತಡವಿ ಕೆಳಗಿಟ್ಟಿತು. ಮೀನಿನವಳು ಕಾರಿನ ನೆತ್ತಿಯ ಮೇಲಿದ್ದ ಡ್ರೈವಿಂಗ್ ಶಾಲೆಯ ಬೋರ್ಡನ್ನು ನೋಡಿದಳು, ತಡಕಾಡುತ್ತಿದ್ದ ಕೈಯನ್ನು ನೋಡಿದಳು, ಆಮೇಲೆ ಕಾರಿನ ಬಾಗಿಲಿಗೆ ಆತುಕೊಂಡು ನಿಂತಿದ್ದ ಹೆಂಡತಿಯ ಕಡೆ ತಿರುಗಿದಳು.

"ಇಂಥವರನ್ನ ಗಾಡಿ ಓಡ್ಸೋಕೆ ಬಿಟ್ಟಿದೀಯಲ್ಲಮ್ಮಾ" ಎಂದಳು. ಬೈಗುಳವಾಗಿರಲಿಲ್ಲ ಅದು. ಬೈದಿದ್ದರೆ ಚೆನ್ನಾಗಿತ್ತು.

ಹೌದು, ಬಿಟ್ಟಿದ್ದಳು. ಡಬ್ಬಿಯಿಂದ ಕೀಲಿ ತೆಗೆದು ಸುರಿದವಳು ಅವಳೇ, ಅಣ್ಣನ ಮುಂದೆ ಬಾಯಿ ಮುಚ್ಚಿಕೊಂಡವಳು ಅವಳೇ, ರಸ್ತೆ ನೋಡದೆ ಬಿಡಿ ಎಂದವಳೂ ಅವಳೇ. ಮೊಣಕಾಲೂರಿ ಮೀನು ಆಯತೊಡಗಿದಳು. ಮೂವರೂ ಸೇರಿ ಆಯ್ದರು. ಅವಳು ಮೇಷ್ಟ್ರ ಕೈ ಹಿಡಿದು ಒಂದೊಂದೇ ಮೀನಿನ ಮೇಲೆ ಇಟ್ಟಳು, ಅವರು ಎತ್ತಿ ಕ್ರೇಟಿಗೆ ಹಾಕಿದರು. ಗಾಯ ತೊಳೆದು ಕರ್ಚೀಫು ಕಟ್ಟಿಸಿಕೊಂಡ ಮೀನಿನವಳು ಕಾರನ್ನು ರಸ್ತೆಯಂಚಿಗೆ ತಳ್ಳಲು ಕೈಜೋಡಿಸಿ, ಮೊಪೆಡ್ಡು ಒದ್ದು ಹೊರಟಾಗ, ಆ ಕೂಡುರಸ್ತೆಯಲ್ಲಿ ಅವರಿಬ್ಬರೇ ಉಳಿದರು.

ಮೇಷ್ಟ್ರು ಜೇಬಿನಿಂದ ಕೀಲಿ ತೆಗೆದು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. "ಬೇಕರಿಯವನಿಗೆ ಫೋನ್ ಮಾಡು. ನಾಳೆ ಬಂದು ಗಾಡಿ ತಗೊಂಡೋಗ್ಲಿ. ನಾವು ಬಸ್ಸಿಗೆ ಹೋಗೋಣ."

"ಗಾಡಿ ಕೆಟ್ಟಿದೆ ಅಂತ ಹೇಳ್ಲಾ?"

"ಬೇಡ. ನಂಗೆ ಕಾಣಲ್ಲ ಅಂತಾನೇ ಹೇಳು."

ಎಂಟು ತಿಂಗಳಿಂದ ಅವಳು ಹಾತೊರೆದು ಕಾದದ್ದು ಈ ಮಾತಿಗೇ. ಬಂದಾಗ ಒಂದಿಷ್ಟಾದರೂ ನೆಮ್ಮದಿ ಬರುತ್ತದೆ ಎಂದುಕೊಂಡಿದ್ದಳು. ಬಂದದ್ದು ನೆಮ್ಮದಿಯಲ್ಲ. ಈ ಮಾತನ್ನು ವಾಪಸ್ ತಗೊಳ್ಳಿ, ಕೀಲಿ ಕಿತ್ತುಕೊಳ್ಳಿ, ನನ್ನನ್ನು ಬೈಯಿರಿ, ಮುಂದಿನ ಭಾನುವಾರ ತಂಗಿ ಮನೆಗೆ ಅನ್ನಿ ಎಂದು ಅವರ ಕಾಲು ಹಿಡಿಯಬೇಕೆನಿಸಿತು. ಹಿಡಿಯದೆ ಫೋನ್ ಮಾಡಿದಳು. ಬೇಕರಿಯವನು ಆ ಕಡೆಯಿಂದ "ನಮ್ ಮೇಷ್ಟ್ರಿಗಾ?" ಎಂದಷ್ಟೇ ಕೇಳಿದ.

ಬಸ್ಸು ಅರ್ಧ ಗಂಟೆಗೆ ಬಂತು. ಮುಂದಿನ ಸೀಟುಗಳೆಲ್ಲ ತುಂಬಿದ್ದವು. ನಡುವೆ ಎಲ್ಲೋ ಕಿಟಕಿಯ ಪಕ್ಕ ಮೇಷ್ಟ್ರನ್ನು ಕೂರಿಸಿ ತಾನು ಪಕ್ಕ ಕೂತಳು. ಅವರು ಕಿಟಕಿಯ ಕಡೆ ನೋಡಲೂ ಇಲ್ಲ. ಎದುರಿನ ಸೀಟಿನ ಹಸಿರು ರೆಕ್ಸಿನ್ನನ್ನೇ ನೋಡುತ್ತಾ, ಮೊಣಕಾಲ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದರು.

"ಅಲ್ನೋಡ್ರೀ" ಎಂದು ಶುರುಮಾಡಿದಳು. "ಆ ನೀರಿನ ಟ್ಯಾಂಕಿಗೆ ಬಣ್ಣ ಹೊಡೀತಿದಾರೆ. ನೀಲಿ."

"ಬಿಡೇ" ಎಂದರು ಮೇಷ್ಟ್ರು ಮೆಲ್ಲಗೆ. "ಈಗ್ಯಾಕೆ."

ಬಸ್ಸು ಮುಂದಿನ ಕೂಡುರಸ್ತೆಯಲ್ಲಿ ನಿಂತಿತು. ಇಬ್ಬರು ಇಳಿದರು, ಒಬ್ಬಳು ಮಗು ಎತ್ತಿಕೊಂಡು ಹತ್ತಿದಳು. ಕಂಡಕ್ಟರು ಹಿಂಬಾಗಿಲಿನಿಂದ ತಲೆ ಹೊರಹಾಕಿ ಆಚೆ ಈಚೆ ನೋಡಿ, ಬಸ್ಸಿನ ಮೈಗೆ ಎರಡೇಟು ಬಡಿದು ಕೂಗಿದ.

"ಹೋಗ್ಲಿ, ಬಿಡೀ..."

ಮೇಷ್ಟ್ರ ಎಡಗಾಲು ಬಸ್ಸಿನ ತಗಡಿನ ನೆಲವನ್ನು ಒತ್ತಿಹಿಡಿದು ಕೂತಿತ್ತು. ಕೂಗು ಕೇಳಿದ್ದೇ ಆ ಕಾಲು ನಿಧಾನಕ್ಕೆ, ಒಂದಿಷ್ಟೂ ಜರ್ಕ್ ಇಲ್ಲದೆ, ಊರಿನ ಅರ್ಧ ಜನಕ್ಕೆ ಕಲಿಸಿಕೊಟ್ಟ ಹಾಗೆಯೇ ಮೇಲೆದ್ದಿತು. ಬಸ್ಸು ಹೊರಟಿತು. ಅವಳು ಅದನ್ನು ನೋಡಿದಳು. ನೋಡಿದ್ದನ್ನು ಹೇಳಲಿಲ್ಲ.